ಹಸಿರು ಶಾಯಿಯ ತಿದ್ದುಪಡಿ

ಕತ್ರಿಗುಪ್ಪೆಯ ಮನೆಗೆ ಬಣ್ಣ ಹೊಡೆಸಲೆಂದು ಮೊನ್ನೆ ಟ್ರಂಕು ಖಾಲಿ ಮಾಡಿದೆ. ತಳದಲ್ಲಿ ಸೈಕ್ಲೋಸ್ಟೈಲ್ ಹಾಳೆಗಳ ಕಟ್ಟೊಂದಿತ್ತು. ಆ ಎಣ್ಣೆಶಾಯಿಯ ವಾಸನೆ ಇನ್ನೂ ಹೋಗಿಲ್ಲ. ಮೈಯೆಲ್ಲ ಉರಿದುಹೋಯಿತು.

ಎಪ್ಪತ್ತರ ದಶಕದ ಕೊನೆ. ಜಯನಗರದ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಿಸ್ ಟೆಂಪರರಿ ಕೆಲಸದವರು. ಬಿ.ಎ.ಗೆ ಹಳೆಯ ಇಂಗ್ಲಿಷ್ ದುರಂತ ನಾಟಕವೊಂದಿತ್ತು. ಅಪ್ಪನನ್ನು ಕೊಂದವನು ಒಂಟಿಯಾಗಿ ಸಿಗುತ್ತಾನೆ, ಮಗ ಕತ್ತಿ ಹಿರಿಯುತ್ತಾನೆ, ಆದರೆ ಹೊಡೆಯದೆ ನಿಂತುಬಿಡುತ್ತಾನೆ.

"ಹೇಡಿ ಮಿಸ್ ಅವನು!" ಎಂದು ಕೂಗಿದವಳು ನಾನೇ.

"ಅಲ್ಲ ಕಣೇ, ತೂಗಿ ನೋಡ್ತಿದಾನೆ. ಹೇಡಿ ಆದೋನು ಕತ್ತಿ ತನಕ ಕೈ ಚಾಚೋದೇ ಇಲ್ಲ," ಎಂದಿದ್ದರು.

ಆ ದೃಶ್ಯದ ಮೇಲೆ ತಾವೇ ನೋಟ್ಸ್ ಬರೆದು, ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಪ್ರತಿ ತೆಗೆದು ಹಂಚಿದರು. ಮೂರನೇ ಅಂಕ ಎನ್ನುವ ಕಡೆ ನಾಲ್ಕನೇ ಅಂಕ ಎಂದು ಟೈಪಾಗಿತ್ತು. ಒಂದೊಂದು ಪ್ರತಿಯಲ್ಲೂ ಹಸಿರು ಶಾಯಿಯಲ್ಲಿ ತಿದ್ದಿಕೊಟ್ಟಿದ್ದರು.

ಮರುವರ್ಷ ನಮ್ಮ ವಿಭಾಗದ ಮುಖ್ಯಸ್ಥನ ಹೆಸರಿನಲ್ಲಿ ಗೈಡೊಂದು ಅಂಗಡಿಗೆ ಬಂತು. ಎಲ್ಲ ಮಿಸ್ ಮಾತುಗಳೇ. ನಾಲ್ಕನೇ ಅಂಕದ ತಪ್ಪೂ ಹಾಗೇ ಇತ್ತು! ತಿದ್ದುವ ಮೊದಲೇ ಒಂದು ಪ್ರತಿ ಎತ್ತಿಕೊಂಡಿದ್ದ, ಕಳ್ಳ. ಸಾಲದ್ದಕ್ಕೆ, ಮಿಸ್ ತನ್ನ ಗೈಡ್ ಕದ್ದು ಪಾಠ ಮಾಡುತ್ತಾರೆಂದು ಪ್ರಿನ್ಸಿಪಾಲರಿಗೆ ದೂರನ್ನೂ ಕೊಟ್ಟ. ನಿಮ್ಮದೇ ಮೊದಲು ಎನ್ನುವುದಾದರೆ ಹಿಂದಿನ ವರ್ಷದ ಹಾಳೆ ತಂದು ತೋರಿಸಿ ಎಂದರು ಪ್ರಿನ್ಸಿಪಾಲರು. ಮಿಸ್ ತಮ್ಮ ಪ್ರತಿಯನ್ನೂ ಯಾರಿಗೋ ಕೊಟ್ಟು ಕೂತಿದ್ದರು. ನನ್ನ ಗೆಳತಿಯರು ಪರೀಕ್ಷೆ ಮುಗಿದದ್ದೇ ರದ್ದಿಗೆ ಹಾಕಿದ್ದರು.

ಬಸ್‌ಸ್ಟಾಪಿನಲ್ಲಿ ಮಿಸ್ ನನ್ನನ್ನು ಹಿಡಿದು ನಿಲ್ಲಿಸಿದರು. "ನೀನು ಏನನ್ನೂ ಎಸೆಯೋಳಲ್ಲ. ಇಟ್ಟಿದೀಯೇನೇ?"

"ಹುಡುಕ್ತೀನಿ ಮಿಸ್..."

ಹುಡುಕುವುದೇನು ಬಂತು, ಟ್ರಂಕಿನಲ್ಲಿದೆ ಎಂದು ಗೊತ್ತೇ ಇತ್ತು. ಆದರೆ ಎಂ.ಎ. ಸೀಟಿಗೆ ನನಗೆ ಶಿಫಾರಸು ಪತ್ರ ಬರೆಯಬೇಕಾದವನು ಅದೇ ಮನುಷ್ಯ. ಯೋಚನೆ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ವಾರ... ಎರಡು ವಾರ. ಮಿಸ್ ಮತ್ತೆ ಕೇಳಲಿಲ್ಲ. ಅದಕ್ಕೂ ನನಗೆ ಸಿಟ್ಟಿದೆ. ಮನೆಗೆ ಬಂದು ಕೆನ್ನೆಗೆ ಬಾರಿಸಬಾರದಿತ್ತೇ? ಜೂನ್‌ನಲ್ಲಿ ಕಾಲೇಜು ತೆರೆದಾಗ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ.

ನಾನು ಅದೇ ಕಾಲೇಜಿಗೆ ಲೆಕ್ಚರರ್ ಆದೆ. ಅವನು ರಿಟೈರ್ ಆದ ದಿನ ಹಾರ ಹಾಕಿದವಳೂ ನಾನೇ, ನಗುನಗುತ್ತಾ.

ಹೋದ ತಿಂಗಳು ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿ ಮಿಸ್ ತೀರಿಕೊಂಡರೆಂದು ಹೇಳಿದಳು. ಈಗ ಹಾಳೆಗಳು ನನ್ನ ತೊಡೆಯ ಮೇಲಿವೆ. ಹಸಿರು ಶಾಯಿ ಸ್ವಲ್ಪವೂ ಮಾಸಿಲ್ಲ. ನೀವು ಹೇಳಿದ್ದು ಸರಿ ಮಿಸ್, ಆ ಹುಡುಗ ಹೇಡಿಯಲ್ಲ. ಅವನು ಕತ್ತಿಯನ್ನಾದರೂ ಹಿರಿದಿದ್ದ. ನಾನು ಟ್ರಂಕಿನ ಮುಚ್ಚಳವನ್ನೂ ಎತ್ತಲಿಲ್ಲ.