ಗ್ಯಾನಪ್ಪನ ನಡತೆ

ಸಿಂಧನೂರಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನ ಮೈದಾನಕ್ಕೆ ಕಾಂಪೌಂಡು ಇರಲಿಲ್ಲ. ಮೈದಾನದ ಅಂಚಿಗೇ ಗೌಸ್‌ಸಾಬನ ಚಹಾದ ಹೋಟೆಲು, ಅದರ ಮುಂದೆ ಎರಡು ಉದ್ದನೆಯ ಬೆಂಚು. ಕಾಲೇಜಿನ ವಾಲಿಬಾಲ್ ಆಟಗಾರರ ಯೋಗ್ಯತೆ ತೀರ್ಮಾನವಾಗುತ್ತಿದ್ದದ್ದು ಆ ಬೆಂಚಿನ ಮೇಲೆ. ಅಲ್ಲಿ ಕೂಡುವವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಕಡಿಮೆ. ಗದ್ದೆಯವರು, ಟ್ರ್ಯಾಕ್ಟರ್ ಡ್ರೈವರುಗಳು, ರೈಸ್ ಮಿಲ್ಲಿನ ಹಮಾಲರು. ಕಾಲುವೆಯ ನೀರು ಬಂದಮೇಲೆ ಸಂಜೆ ಹೊತ್ತು ಕೈಯಲ್ಲಿ ಸ್ವಲ್ಪ ಬಿಡುವು, ಕಿಸೆಯಲ್ಲಿ ಚಹಾಕ್ಕೆ ಆಗುವಷ್ಟು ಚಿಲ್ಲರೆ ಇದ್ದವರು.

ಅವರು ಪ್ರತಿ ಪಂದ್ಯದ ನಂತರ ಒಬ್ಬೊಬ್ಬ ಆಟಗಾರನಿಗೂ ಮೂರು ಮಾತು ಹೇಳುತ್ತಿದ್ದರು: ಅವನ ಆಟ ಹೇಗೆ, ನಡತೆ ಹೇಗೆ, ತಲೆ ಹೇಗೆ. ತಲೆ ಎಂದರೆ ಓದು. ಮೂರೂ ಕೂಡಿಸಿ ಯಾರು ಮೇಲೆಂದು ಒಪ್ಪಿಗೆಯಾಯಿತೋ ಅವನಿಗೆ ಮುಂದಿನ ಪಂದ್ಯದ ತನಕ ದಿನಾಲೂ ಒಂದು ದೊಡ್ಡ ಲೋಟ ಎಮ್ಮೆಹಾಲು, ಅದರಲ್ಲಿ ಒಡೆದು ಹಾಕಿದ ಹಸಿ ತತ್ತಿ. ಹಾಲು ಗೊರೇಬಾಳದ ಪಂಪಣ್ಣನದು. ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಊರಿನ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದವನು ಅವನು. ತತ್ತಿ ಗೌಸ್‌ಸಾಬನದು. ಒಪ್ಪಿಗೆ ತಪ್ಪಿದ ದಿನ ಲೋಟ ಬೇರೆಯವನ ಕೈಗೆ ಹೋಗುತ್ತಿತ್ತು. ಎಲ್ಲರೆದುರು ಹಾಲು ನಿಂತ ಹುಡುಗರ ಮುಖ ನಾನು ನೋಡಿದ್ದೇನೆ. ಫೇಲಾದವರ ಮುಖ ಅಷ್ಟು ಕೆಡುವುದಿಲ್ಲ.

ಗ್ಯಾನಪ್ಪ ಜವಳಗೇರಾದ ಕುರಿ ಕಾಯುವ ಮನೆಯವನು. ತಂದೆ ಇರಲಿಲ್ಲ. ತಾಯಿ ಆದೆಮ್ಮ ಕುರಿ ನೋಡಿಕೊಂಡು, ನಾಟಿಯ ಕಾಲದಲ್ಲಿ ಕೂಲಿಗೂ ಹೋಗುತ್ತಿದ್ದಳು. ನಡುವೆ ಕೆಲವು ವರ್ಷ ಓದು ಬಿಟ್ಟು ಕುರಿ ಕಾಯ್ದು, ಎಂಬತ್ತೈದರಲ್ಲಿ ಅವನು ಬಿ.ಎ.ಗೆ ಸೇರಿದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರ. ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ. ಉತ್ತರಪತ್ರಿಕೆಯಲ್ಲಿ ಒಂದು ಪುಟ ಬರೆಯುವ ಕಡೆ ಅರ್ಧ ಪುಟ ಬರೆಯುತ್ತಿದ್ದ, ಆ ಅರ್ಧ ಪುಟದಲ್ಲಿ ತಪ್ಪು ಇರುತ್ತಿರಲಿಲ್ಲ. ಮೊದಲ ವರ್ಷದ ಪರೀಕ್ಷೆಯಲ್ಲಿ ನನ್ನ ವಿಷಯಕ್ಕೆ ತರಗತಿಗೆ ಎರಡನೆಯವನಾದ.

ಬೆಂಚಿನವರು ಅದನ್ನು ನಂಬಲಿಲ್ಲ.

"ಮೇಡಮ್ಮಾರು ಕೈಬಿಚ್ಚಿ ಮಾರ್ಕ್ ಹಾಕ್ಯಾರ," ಎಂದ ಪಂಪಣ್ಣ. ನಾನು ಆ ದಾರಿಯಲ್ಲೇ ಹೋಗುತ್ತಿದ್ದೆ. ಅವನು ಮಾತು ತಗ್ಗಿಸಲಿಲ್ಲ. "ಅಷ್ಟು ಎತ್ತರ ಇದ್ದವಗ ರಕ್ತ ತಲಿತನಕ ಹತ್ತಂಗಿಲ್ಲ. ಅವಾ ಶಾಟ್ ಹೊಡೀಲಿ ಸಾಕು."

"ಪಂಪಣ್ಣ, ನೀ ಗಿಡ್ಡ ಅದೀಯಲ್ಲ, ನಿನ್ನ ರಕ್ತ ಎಲ್ಲಿಗಿ ಹತ್ತೈತಿ?" ಎಂದ ಗೌಸ್‌ಸಾಬ್. ಎಲ್ಲರೂ ನಕ್ಕರು. ತೀರ್ಮಾನ ಮಾತ್ರ ಬದಲಾಗಲಿಲ್ಲ.

ಅದು ಗಟ್ಟಿಯಾದದ್ದು ಎಂಬತ್ತಾರರ ಕೊನೆಗೆ, ಲಿಂಗಸುಗೂರಿನಲ್ಲಿ. ಅಂತರ ಕಾಲೇಜು ಪಂದ್ಯದ ಫೈನಲ್ಲಿಗೆ ಬೆಂಚಿನವರೆಲ್ಲ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೋಗಿದ್ದರು. ಕೊನೆಯ ಸೆಟ್ಟು ಸಮ ಇತ್ತು. ಗ್ಯಾನಪ್ಪ ಎಗರಿ ಹೊಡೆದ ಚೆಂಡು ಅವರ ಅಂಗಳದಲ್ಲಿ ಬಿತ್ತು. ನಮ್ಮವರು ಟವೆಲ್ ಬೀಸಿ ಕುಣಿಯುತ್ತಿದ್ದರು. ಗ್ಯಾನಪ್ಪ ಕೈ ಎತ್ತಿ ನಿಂತ. ಅವನ ಬೆರಳು ನೆಟ್ಟಿಗೆ ತಾಗಿತ್ತಂತೆ. ಅಂಪೈರ್ ನೋಡಿರಲಿಲ್ಲ, ಎದುರು ತಂಡದವರೂ ನೋಡಿರಲಿಲ್ಲ. ಪಾಯಿಂಟು ಹೋಯಿತು, ಅದರ ಹಿಂದೆ ಪಂದ್ಯವೂ ಹೋಯಿತು.

ಮರುದಿನ ಬೆಂಚಿನ ಮೇಲೆ ಬಹಳ ಹೊತ್ತು ವಾದ ನಡೆಯಿತು. ಗ್ಯಾನಪ್ಪನನ್ನು ಹೊಡೆಯಬೇಕು ಅಂದವರೂ ಇದ್ದರು. ಗೌಸ್‌ಸಾಬ್ ಒಲೆ ಬಿಟ್ಟು ಹೊರಗೆ ಬಂದು ಹೇಳಿದ: "ಸೋತಿದ್ದು ಖರೆ. ಆದ್ರ ಇಮಾನ್ ಅಂದ್ರ ಇದು. ಇಂಥ ನಡತಿ ಈ ಬೆಂಚಿನಾಗ ಕುಂತವರಿಗಿ ಒಬ್ಬರಿಗರ ಐತೇನು?"

ಪಂಪಣ್ಣ ಒಪ್ಪಿದ. "ನಡತಿ ನೂರಕ್ಕ ನೂರು. ಆದ್ರ ತಲಿ? ತಲಿ ಇದ್ದವ ಕೈ ಎತ್ತತಾನೇನ್ರಪಾ? ಸೊನ್ನಿ." ಆಮೇಲೆ ಅವನೇ ಲೋಟಕ್ಕೆ ಹಾಲು ಸುರಿದು ಗ್ಯಾನಪ್ಪನ ಕೈಗೆ ಕೊಟ್ಟ. "ಕುಡೀಲೇ ಮಗನ. ನಿನ್ನಂಥವನ್ನ ನಾವಽ ಕಾಯಬೇಕು."

ಅಂದಿನಿಂದ ಲೋಟ ಬೇರೆಯವರ ಕೈಗೆ ಹೋಗಲಿಲ್ಲ. ಪಂಪಣ್ಣ ಪಂದ್ಯ ಇರಲಿ ಇಲ್ಲದಿರಲಿ ಹಾಲು ಕೊಟ್ಟ. ಎಮ್ಮೆ ಬತ್ತಿದ ತಿಂಗಳಲ್ಲಿ ಪಕ್ಕದ ಮನೆಯಿಂದ ತಂದು ಕೊಟ್ಟ. ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ.

ಕೊನೆಯ ವರ್ಷ ರಾಯಚೂರಿನ ಪಂದ್ಯದಲ್ಲಿ ಒಂದು ಸರ್ಕಾರಿ ಇಲಾಖೆಯ ತಂಡದವರು ಗ್ಯಾನಪ್ಪನ ಆಟ ನೋಡಿದರು. ಅವರ ಮಾತು ಸ್ಪಷ್ಟವಾಗಿತ್ತು. ಆ ವರ್ಷವೇ ಬಿ.ಎ. ಪಾಸಾದರೆ ಗುಮಾಸ್ತನ ಕೆಲಸ, ಜೊತೆಗೆ ಇಲಾಖೆಯ ತಂಡದಲ್ಲಿ ಜಾಗ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಗ್ಯಾನಪ್ಪ ಆಟ ಬಿಟ್ಟು ಓದಿಗೆ ಕೂತ. ಜವಳಗೇರಾದ ಬಸ್ಸಿನಲ್ಲೂ ಪುಸ್ತಕ ತೆರೆದಿರುತ್ತಿತ್ತು. ಅವನು ಪಾಸಾಗುತ್ತಾನೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ.

ಅನುಮಾನ ಇದ್ದದ್ದು ಬೆಂಚಿಗೆ. ಅವರ ಲೆಕ್ಕದಲ್ಲಿ ಅವನ ತಲೆ ಸೊನ್ನೆ, ಕೆಲಸ ಮಾತ್ರ ಬಾಗಿಲಿಗೆ ಬಂದಿದೆ. ಆ ದಿನಗಳಲ್ಲಿ ಪರೀಕ್ಷೆ ಎಂದರೆ ಕಾಲೇಜಿನ ಸುತ್ತ ಜಾತ್ರೆ. ಅಣ್ಣಂದಿರು, ಮಾವಂದಿರು, ಗೆಳೆಯರು ಗೋಡೆ ಹತ್ತಿ ಕಿಟಕಿಯಿಂದ ಚೀಟಿ ಒಗೆಯುತ್ತಿದ್ದರು. ಪೊಲೀಸರು ಒಂದು ಬದಿ ಓಡಿಸಿದರೆ ಇನ್ನೊಂದು ಬದಿ ಬರುತ್ತಿದ್ದರು. ತಮ್ಮವನು ಒಳಗೆ ಕೂತಿರುವಾಗ ಹೊರಗೆ ಕೈಕಟ್ಟಿ ನಿಲ್ಲುವುದು ಅವರಿಗೆ ಮಾನಗೇಡು. ಗ್ಯಾನಪ್ಪನಿಗೆ ಅಣ್ಣ ಇರಲಿಲ್ಲ, ಮಾವ ಇರಲಿಲ್ಲ. ಆ ಜಾಗದಲ್ಲಿ ತಾನು ನಿಲ್ಲಬೇಕೆಂದು ಪಂಪಣ್ಣ ತಿಳಿದ. ಗ್ಯಾನಪ್ಪನನ್ನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ಎಂಬತ್ತೆಂಟರ ಏಪ್ರಿಲ್, ಅರ್ಥಶಾಸ್ತ್ರದ ಕೊನೆಯ ಪತ್ರಿಕೆ. ಆ ಕೋಣೆಯ ಮೇಲ್ವಿಚಾರಣೆ ನನ್ನದು. ಗ್ಯಾನಪ್ಪ ತಲೆ ತಗ್ಗಿಸಿ ಬರೆಯುತ್ತಿದ್ದ. ಕಿಟಕಿಯ ಸರಳಿನ ಆಚೆ ಒಂದು ಕೈ ಕಾಣಿಸಿತು. "ಗ್ಯಾನಪ್ಪಾ, ತಗೋ!" ಎಂದಿತು ಒಂದು ದನಿ. ಸುತ್ತಿದ ಕಾಗದ ಅವನ ಉತ್ತರಪತ್ರಿಕೆಯ ಮೇಲೆ ಬಿತ್ತು. ನಾನು ಆ ಕಡೆ ಹೊರಡುವುದಕ್ಕೂ ವಿಶ್ವವಿದ್ಯಾಲಯದ ಸ್ಕ್ವಾಡಿನವರು ಬಾಗಿಲಲ್ಲಿ ಕಾಣುವುದಕ್ಕೂ ಸರಿಹೋಯಿತು. ಅವನು ಅದನ್ನು ಮುಟ್ಟಿರಲಿಲ್ಲ.

ಕಾಗದ ಬಿಚ್ಚಿ ನೋಡಿದರು. ಗೈಡಿನಿಂದ ಹರಿದ ಹಾಳೆಗಳು, ಅವೂ ರಾಜ್ಯಶಾಸ್ತ್ರದವು. ಒಗೆದವನು ಪಂಪಣ್ಣ ಎಂದು ನನಗೆ ಆಮೇಲೆ ತಿಳಿಯಿತು; ಅವನಿಗೆ ಓದಲು ಬರುತ್ತಿರಲಿಲ್ಲ. ಯಾವ ವಿಷಯದ ಹಾಳೆ ಎಂಬುದು ನಿಯಮಕ್ಕೆ ಬೇಕಾಗಿರಲಿಲ್ಲ. ಹಾಳೆ ಮೇಜಿನ ಮೇಲಿತ್ತು, ಅಷ್ಟೇ ಸಾಕು.

ನಾನು ಕಂಡದ್ದನ್ನು ಕಂಡಂತೆ ಬರೆದು ಸಹಿ ಮಾಡಿದೆ. ಸ್ಕ್ವಾಡಿನ ಮುಖ್ಯಸ್ಥರು ಓದಿ, "ಎಲ್ಲ ಕಾಲೇಜಿನಲ್ಲೂ ಹೀಗೇ ಬರೆದು ಕೊಡ್ತಾರೆ, ಮೇಡಂ," ಎಂದರು. ಆಮೇಲೆ ಗ್ಯಾನಪ್ಪನ ಕಡೆ ತಿರುಗಿದರು. "ನಿನ್ನ ಹೆಸರು ಕೂಗಿ ಒಗೆದಿದ್ದಾನೆ. ಯಾರು ಅಂತ ಹೇಳು. ಅವನನ್ನು ಪೊಲೀಸರಿಗೆ ಕೊಡ್ತೀವಿ, ನಿನ್ನ ಬಿಡ್ತೀವಿ."

"ನೋಡ್ಲಿಲ್ರಿ," ಎಂದ ಗ್ಯಾನಪ್ಪ.

"ದನಿ ಗುರುತು ಸಿಗಲಿಲ್ವಾ?"

"ಇಲ್ರಿ."

ವರಾಂಡದಲ್ಲಿ ನಾನು ಅವನನ್ನು ನಿಲ್ಲಿಸಿದೆ. ಹೆಸರು ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಹೇಳಿದೆ. ಅವನು ಗೋಡೆ ನೋಡುತ್ತ ನಿಂತಿದ್ದ.

"ಎರಡು ವರ್ಷ ಅವರ ಹಾಲು ಕುಡದೀನ್ರಿ ಮೇಡಂ. ಪೊಲೀಸರ ಕೈಗೆ ಹೆಂಗ ಕೊಡ್ಲಿ?"

"ನಿನ್ನ ಕೆಲಸ?"

ಅವನು ಮೆಟ್ಟಿಲಿಳಿದು ಮೈದಾನ ದಾಟಿ ಹೋದ.

ಮೂರು ವರ್ಷ ಡಿಬಾರ್ ಮಾಡಿದರು. ಆದೇಶ ಬಂದ ವಾರ ಆದೆಮ್ಮ ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನ ಹೊಸ್ತಿಲ ಹೊರಗೇ ನಿಂತು ಕೇಳಿದಳು.

"ನನ್ನ ಮಗ ಕಳವು ಮಾಡ್ಯಾನೇನ್ರಿ ಅಮ್ಮಾ?"

"ಇಲ್ಲ."

"ಮಾಡಿಲ್ಲಂತ ನಿಮಗ ಗೊತ್ತೈತಿ?"

"ಗೊತ್ತಿದೆ. ಬರೆದೂ ಕೊಟ್ಟಿದ್ದೇನೆ."

"ಮತ್ತ ಹೊರಗ ಯಾಕ ಹಾಕಿದ್ರಿ?"

ನಿಯಮವನ್ನು ವಿವರಿಸಿದೆ. ಅವಳು ಕೊನೆಯ ತನಕ ಕೇಳಿ, "ಅಂದ್ರ ನಿಮ್ಮ ಮಾತಿಗೂ ಕಿಮ್ಮತ್ತಿಲ್ಲ ಅನ್ರಿ," ಎಂದು ಹೊರಟುಹೋದಳು.

ಬೆಂಚು ಬೇಗ ತೀರ್ಮಾನಕ್ಕೆ ಬಂತು. ಆಟ ಇತ್ತು, ನಡತೆ ಇತ್ತು, ತಲೆ ಇರಲಿಲ್ಲ, ಅದನ್ನು ತಾವು ಮೊದಲೇ ಹೇಳಿದ್ದಾಗಿತ್ತು. "ಕೈಯಾಗ ತಂದು ಕೊಟ್ರೂ ಮುಚ್ಚಿಡಾಕ ಬರಲಿಲ್ಲ ಮಗನಿಗೆ," ಎಂದು ಯಾರೋ ಹೇಳಿದಾಗ ಪಂಪಣ್ಣ ಚಹಾ ಊದುತ್ತ ಕೂತಿದ್ದನಂತೆ. ಅದನ್ನು ಗೌಸ್‌ಸಾಬ್ ನನಗೆ ಹೇಳಿದ. ಹಾಲು ಆಗಲೇ ನಿಂತಿತ್ತು. ಕಾಲೇಜಿನ ಆಟಗಾರನಲ್ಲದವನಿಗೆ ಲೋಟ ಇರಲಿಲ್ಲ.

ಗ್ಯಾನಪ್ಪ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿಗೆ ಸೇರಿದ. ಮೂರು ವರ್ಷ ಕಳೆದ ಮೇಲೆ ಪರೀಕ್ಷೆಗೆ ಕೂಡು ಎಂದು ಹೇಳಿ ಕಳಿಸಿದೆ. ಬರಲಿಲ್ಲ. ಅಷ್ಟರಲ್ಲಿ ಮದುವೆಯಾಗಿತ್ತು, ಚೀಲ ಹೊತ್ತು ಮೊಣಕಾಲು ಕೆಟ್ಟಿತ್ತು. ಆಟವೂ ಹೋಯಿತು. ಉಳಿದದ್ದು ಲಿಂಗಸುಗೂರಿನಲ್ಲಿ ಎತ್ತಿದ ಆ ಕೈ. ಅದರ ನೆನಪಿನಿಂದ ಸುತ್ತಲಿನ ಊರುಗಳವರು ಅವನನ್ನು ಅಂಪೈರ್ ಆಗಿ ಕರೆಯುತ್ತಿದ್ದರು. ತನ್ನ ವಿರುದ್ಧ ತಾನೇ ಕೈ ಎತ್ತಿದವನು ಯಾರ ಕಡೆಯೂ ವಾಲುವುದಿಲ್ಲ ಎಂಬುದು ಅವರ ಲೆಕ್ಕ. ಭಾನುವಾರ ಒಗೆದ ಬಿಳಿ ಅಂಗಿ ಹಾಕಿಕೊಂಡು ಅವನು ಬಸ್ಸು ಹತ್ತುತ್ತಿದ್ದ. ಊರಲ್ಲಿ ಹಮಾಲ, ಅಲ್ಲಿ ಸರ್. ಆ ಒಂದು ದಿನಕ್ಕಾಗಿ ಉಳಿದ ಆರು ದಿನ ಚೀಲ ಹೊರುತ್ತಾನೆ ಎಂದು ಅವನ ಹೆಂಡತಿ ಹುಸೇನಮ್ಮ ಒಮ್ಮೆ ನನ್ನ ಮುಂದೆ ಅಂದಳು. ದೂರಿನ ಮಾತಲ್ಲ ಅದು.

ನಾನು ಬಡ್ತಿಯ ಮೇಲೆ ಲಿಂಗಸುಗೂರಿಗೆ ಹೋದೆ. ತೊಂಬತ್ತೈದರಲ್ಲಿ ಮಸ್ಕಿಯ ಯುವಕ ಸಂಘದವರು ವಾಲಿಬಾಲ್ ಪಂದ್ಯ ನಡೆಸಿ ಬಹುಮಾನ ಕೊಡಲು ನನ್ನನ್ನು ಕರೆದರು. ಫೈನಲ್ ಗೊರೇಬಾಳಕ್ಕೂ ಬಳಗಾನೂರಿಗೂ ಇತ್ತು. ಎತ್ತರದ ಕಟ್ಟಿಗೆಯ ಸ್ಟೂಲಿನ ಮೇಲೆ ಅಂಪೈರ್ ಆಗಿ ಗ್ಯಾನಪ್ಪ ಕೂತಿದ್ದ. ಗೊರೇಬಾಳದ ಮುಖ್ಯ ಆಟಗಾರ ಪಂಪಣ್ಣನ ಮಗ ಆದಪ್ಪ. ಪಂಪಣ್ಣ ಗೆರೆಯ ಪಕ್ಕದಲ್ಲೇ ನಿಂತಿದ್ದ.

ಆದಪ್ಪ ಹೊಡೆದ ಒಂದು ಚೆಂಡು ಗೆರೆ ದಾಟಿ ಬಿತ್ತು. ಗ್ಯಾನಪ್ಪ ಸೀಟಿ ಊದಿ ಔಟ್ ಎಂದ. ಗೊರೇಬಾಳದವರು ಅಂಗಳಕ್ಕೆ ನುಗ್ಗಿದರು. ಪಂಪಣ್ಣನ ದನಿ ಎಲ್ಲರಿಗಿಂತ ಮೇಲೆ ಕೇಳಿತು.

"ಲೇ ಗ್ಯಾನ್ಯಾ, ಕಾಪಿ ಹೊಡದು ಡಿಬಾರ್ ಆದವ ನೀ, ನಮಗ ನ್ಯಾಯ ಹೇಳ್ತೀಯೇನಲೇ?"

ಗುಂಪು ಅದನ್ನೇ ಹಿಡಿದುಕೊಂಡಿತು. "ಕಾಪಿ ಅಂಪೈರ್! ಕಾಪಿ ಅಂಪೈರ್!" ಹುಡುಗರು ಚಪ್ಪಾಳೆ ಹೊಡೆದು ಕೂಗಿದರು.

ಗ್ಯಾನಪ್ಪ ಸ್ಟೂಲಿನಿಂದ ಇಳಿದ. ಮೊಣಕಾಲಿನ ನೋವಿಗೆ ಇಳಿಯುವುದು ತಡವಾಯಿತು. ಪಂಪಣ್ಣನ ಎದುರು ಹೋಗಿ ನಿಂತ.

"ಪಂಪಣ್ಣ, ಆವತ್ತು ಕಿಟಕ್ಯಾಗಿಂದ ಚೀಟಿ ಒಗದವರು ಯಾರು? ಈ ಮಂದಿ ಮುಂದ ಹೇಳು."

ಏಳು ವರ್ಷ ಅವನು ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಪಂಪಣ್ಣ ಅಲ್ಲಗಳೆಯುತ್ತಾನೆ ಎಂದುಕೊಂಡೆ. ಅವನು ಅಲ್ಲಗಳೆಯಲಿಲ್ಲ.

"ನಾನಽ ಒಗದೆ. ಯಾರು ಇಲ್ಲ ಅಂದ್ರು? ಯಾರ ಸಲುವಾಗಿ ಒಗದೆ? ನನ್ನ ಸಲುವಾಗಿ ಒಗದ್ನೇನು? ಎಮ್ಮಿ ಬಿಟ್ಟು, ಪೊಲೀಸರ ಲಾಠಿ ತಿಂದು ನಿನ್ನ ಕಿಟಕಿ ಕಾದೀನಿ. ನಿನಗ ಹಿಡಕೊಳ್ಳಾಕ ಬರಲಿಲ್ಲ."

"ನನಗದು ಬೇಕಾಗಿರಲಿಲ್ಲ. ನನಗ ಬರ್ತಿತ್ತು."

"ಬರ್ತಿತ್ತಂತ ನೋಡ್ರಪಾ!" ಎಂದು ಒಬ್ಬ ಕೂಗಿದ. ನಗು ಎದ್ದಿತು. ಬಳಗಾನೂರಿನವರೂ ನಕ್ಕರು, ಅವನ ತೀರ್ಪಿನಿಂದ ಪಾಯಿಂಟು ಪಡೆದವರು.

ಒಬ್ಬ ಮುದುಕ ಮುಂದೆ ಬಂದು ಗ್ಯಾನಪ್ಪನ ರಟ್ಟೆ ಹಿಡಿದ. "ಅವರ ಹಾಲು ಕುಡದು ಬೆಳದೀಯಂತಲ್ಲೋ. ಮಂದ್ಯಾಗ ನಿಂದ್ರಿಸಿ ಹಿಂಗ ಕೇಳ್ತಾರೇನು? ಮರ್ಯಾದಿ ಬ್ಯಾಡೇನು?"

ನಾನು ವೇದಿಕೆಯ ಮೇಲಿದ್ದ ಸಂಘದ ಅಧ್ಯಕ್ಷರಿಗೆ, ಆ ದಿನ ಆ ಕೋಣೆಯಲ್ಲಿ ನಾನೇ ಇದ್ದೆ, ಅವನು ಕಾಗದ ಮುಟ್ಟಿರಲಿಲ್ಲ, ಅದನ್ನು ಮೈಕಿನಲ್ಲಿ ಹೇಳುತ್ತೇನೆ ಎಂದೆ. ಅವರು ಮೈಕು ಕೊಡಲಿಲ್ಲ. "ಹಳೇದು ಬಿಡ್ರಿ ಮೇಡಂ. ಮ್ಯಾಚ್ ನಡೀಲಿ."

ಪಂದ್ಯ ನಡೆಯಿತು. ಗ್ಯಾನಪ್ಪ ಮತ್ತೆ ಸ್ಟೂಲು ಹತ್ತಿದ. ಕೊನೆಯ ಪಾಯಿಂಟಿನಲ್ಲಿ ಬಳಗಾನೂರಿನ ಹುಡುಗನ ಮೊಣಕೈ ನೆಟ್ಟಿಗೆ ತಾಗಿತು. ವೇದಿಕೆಯಿಂದಲೇ ಅದು ಕಾಣುತ್ತಿತ್ತು. ಗ್ಯಾನಪ್ಪ ಸೀಟಿ ಊದಿ ಗೊರೇಬಾಳದ ಕಡೆ ಕೈ ತೋರಿಸಿದ. ಗೊರೇಬಾಳ ಗೆದ್ದಿತು. ಬಳಗಾನೂರಿನ ಕಡೆಯಿಂದ, "ಹೆದರ್ಯಾನ, ಹೆದರಿ ಕೊಟ್ಟಾನ," ಎಂದು ಕೂಗು ಬಂತು. ಗೊರೇಬಾಳದವರು ಆದಪ್ಪನನ್ನು ಹೊತ್ತುಕೊಂಡು ಅವನ ಪಕ್ಕದಲ್ಲೇ ಹೋದರು. ಯಾರೂ ಅವನನ್ನು ಮಾತಾಡಿಸಲಿಲ್ಲ.

ಅಂಪೈರುಗಳಿಗೆ ಶಾಲು ಹೊದಿಸುವ ಕಾರ್ಯಕ್ರಮವಿತ್ತು. ಹೆಸರು ಕೂಗಿದಾಗ ಗ್ಯಾನಪ್ಪ ಇರಲಿಲ್ಲ. ಸಿಂಧನೂರಿನ ಬಸ್ಸು ಹತ್ತಿದ್ದನ್ನು ಯಾರೋ ಕಂಡಿದ್ದರು.

ಮರುವರ್ಷ ಅದೇ ಸಂಘದವರು ಮತ್ತೆ ನನ್ನನ್ನು ಕರೆಯಲು ಬಂದರು. ಅಂಪೈರ್ ಯಾರೆಂದು ಕೇಳಿದೆ. ಬೇರೆ ಹೆಸರು ಹೇಳಿದರು. ಗ್ಯಾನಪ್ಪನನ್ನು ಯಾಕೆ ಕರೆದಿಲ್ಲ ಎಂದು ಕೇಳಿದೆ. ಅವರಲ್ಲಿ ಹಿರಿಯನಾದವನು ನನಗೆ ಬೇಸರವಾಗದಂತೆ ಮಾತು ಆರಿಸಿ ಹೇಳಿದ.

"ಆಟ ಗೊತ್ತೈತ್ರಿ ಅವಗ, ಇಲ್ಲ ಅನ್ನಂಗಿಲ್ಲ. ನೀವು ಹೇಳ್ತೀರಿ ಅಂದಮ್ಯಾಲ ತಲೀನೂ ಇರಬಹುದು. ಆದ್ರ ನಡತಿ ಸರಿ ಇಲ್ರಿ."