ಅರಿಶಿಣದ ನೀರಿನಲ್ಲಿ ಅಳೆದ ಹುಳಿ

ಆ ದಿನವೂ ಬೆಳಗು ಎಂದಿನಂತೆಯೇ ಆಯಿತು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕಾಯಿಸಿದೆ, ಮಕ್ತಲ್‌ನ ಶಾಲೆಗೆ ಪಾಠ ಹೇಳಲು ಹೋಗುವ ನಮ್ಮವರಿಗೆ ಡಬ್ಬಿ ಕಟ್ಟಿಕೊಟ್ಟೆ. ಬಸ್ಸಿನ ಅವಸರಕ್ಕೆ ಅವರು ಉಪ್ಪಿಟ್ಟು ತಿನ್ನದೆ ಹೊರಟರು. ಅದಕ್ಕೆ ಎರಡು ಸಲ ಉಪ್ಪು ಬಿದ್ದಿದೆ ಎಂದು ನಾನು ಬಾಯಿಗಿಟ್ಟಾಗಲೇ ತಿಳಿದದ್ದು. ಅಷ್ಟರಲ್ಲಿ ಮಾವನವರು ತಟ್ಟೆ ಖಾಲಿ ಮಾಡಿ, ಏನೂ ಅನ್ನದೆ ಕೈ ತೊಳೆದು ಹಿತ್ತಲಿಗೆ ಹೋಗಿಬಿಟ್ಟಿದ್ದರು.

ಗದ್ವಾಲ್ ಸೀರೆಯ ಮೈ ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಆ ರೇಷ್ಮೆಗೆ ಬಣ್ಣ ಹಾಕುವುದು ಮಾವನವರ ಕೆಲಸ. ರೇಷ್ಮೆ ಬಣ್ಣ ಹಿಡಿಯಬೇಕಾದರೆ ಹಂಡೆಯ ನೀರಿಗೆ ತಕ್ಕಷ್ಟು ಹುಳಿ ಇರಬೇಕು. ಹುಳಿ ಕಡಿಮೆಯಾದರೆ ಬಣ್ಣ ನೀರಿನಲ್ಲೇ ಉಳಿಯುತ್ತದೆ. ಹೆಚ್ಚಾದರೆ ಒಮ್ಮೆಲೇ ಅಪ್ಪಿಕೊಂಡು ನೂಲಿನ ಲಡಿಯೆಲ್ಲ ಪಟ್ಟೆಪಟ್ಟೆಯಾಗುತ್ತದೆ. ಅಂಚಿನಲ್ಲಿ ಅದು ಮುಚ್ಚಿಟ್ಟರೂ ಮುಚ್ಚದು. ಹಂಡೆಗೆ ಐದು ಕೊಡ ನೀರು, ಅದಕ್ಕೆ ಅರ್ಧ ಚಹಾ ಗ್ಲಾಸು ಆಸಿಡ್, ವಿನೆಗರಿನಲ್ಲಿರುವಂಥದ್ದೇ. ಆಸಿಡ್ ಹಾಕುವುದು ನನ್ನ ಪಾಲಿನ ಕೆಲಸ. ಬಣ್ಣ ಬೆರೆಸುವ ಮೊದಲು ಮಾವನವರು ಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, "ಸರಿ ಐತಿ" ಅನ್ನುವರು. ಆ ಮಾತು ಬೀಳುವ ತನಕ ಯಾವ ನೇಕಾರನೂ ಲಡಿಯನ್ನು ಅವರ ಕೈಗೆ ಕೊಡುವುದಿಲ್ಲ. ಅವರ ತಂದೆಯ ಕಾಲದಿಂದ ಬಂದ ಪದ್ಧತಿ ಇದು.

ಅಂದು ಮಲ್ದಕಲ್ ಕಡೆಯ ನೇಕಾರರೊಬ್ಬರು ಹತ್ತು ಸೀರೆಗಳ ಅಂಚಿನ ರೇಷ್ಮೆ ತರುವವರಿದ್ದರು. ಹಳೆಯ ಆಸಿಡ್ ಕ್ಯಾನು ತಳ ಕಂಡಿದ್ದರಿಂದ ಹೊಸದನ್ನು ಒಡೆದೆ. ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು, ಕೆಮ್ಮು ಒತ್ತರಿಸಿತು. ಪಕ್ಕದಲ್ಲೇ ಬಗ್ಗಿ ನಿಂತಿದ್ದ ಮಾವನವರು ಮೂಗು ಸಹ ಸಿಂಡರಿಸಲಿಲ್ಲ. ಅರ್ಧ ಗ್ಲಾಸು ಅಳೆದುಕೊಂಡೆ. ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ಅವರು ಹಂಡೆಗೆ ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ, ತಲೆಯಾಡಿಸಿ ಹೇಳಿದರು:

"ಸರಿ ಐತಿ."

ಆಸಿಡ್ ಇನ್ನೂ ನನ್ನ ಕೈಯಲ್ಲಿದ್ದ ಗ್ಲಾಸಿನಲ್ಲೇ ಇತ್ತು. ಹಂಡೆಯಲ್ಲಿದ್ದದ್ದು ಬರೀ ಬೋರಿನ ನೀರು.

ಕಟ್ಟಿಗೆ ಹಸಿ ಇದೆ, ಒಲೆ ಹತ್ತಲು ಹೊತ್ತಾಗುತ್ತದೆ ಎಂದು ಏನೋ ನೆಪ ಹೇಳಿ, ಗ್ಲಾಸನ್ನೂ ಎರಡೂ ಕ್ಯಾನುಗಳನ್ನೂ ಕಟ್ಟೆಯ ಮೇಲೆ ಇಟ್ಟೆ. ಹೊಸದರ ಚೀಟಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಎಂದಿತ್ತು. ಹಳೆಯದರ ಚೀಟಿ ಎಂದೋ ತೊಯ್ದು ಉದುರಿಹೋಗಿತ್ತು. ಅದು ಎಷ್ಟು ಗಡಸಿತ್ತೆಂದು ತಿಳಿಯದೆ ಹೊಸದನ್ನು ಎಷ್ಟು ಹಾಕಬೇಕೆಂದು ಹೇಗೆ ಹೇಳುವುದು?

ರಾಯಚೂರಿನ ಕಾನ್ವೆಂಟಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಸಿಸ್ಟರ್ ನೆನಪಾದರು. ಅಳತೆಯ ಗೆರೆಗೆ ಕಣ್ಣು ಸಮನಾಗಿರಬೇಕು, ಒಂದು ಹನಿ ಹೆಚ್ಚಾದರೂ ಮೊದಲಿನಿಂದ ಮಾಡಬೇಕು ಎನ್ನುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಮಗಳು ಚಿಕ್ಕವಳಿದ್ದಾಗ ಔಷಧಿ ಕುಡಿಸುತ್ತಿದ್ದ ಸಿರಿಂಜು, ರೇಷ್ಮೆಯ ಅಂಟು ಬಿಡಿಸಲು ತಂದಿಟ್ಟ ಸೋಡಾ, ಅಡುಗೆಮನೆಯ ಅರಿಶಿಣ. ಅರಿಶಿಣದ ನೀರಿಗೆ ಸುಣ್ಣ ಬಿದ್ದರೆ ಆರತಿಯ ಕೆಂಪು ನೀರಾಗುತ್ತದಲ್ಲ, ಸೋಡಾ ಬಿದ್ದರೂ ಹಾಗೇ. ಆಸಿಡ್ ಇರುವ ತನಕ ಹಳದಿ. ಅದು ಮುಗಿದ ಕ್ಷಣಕ್ಕೆ ಕೆಂಪು.

ಎರಡು ಗಾಜಿನ ಬಟ್ಟಲುಗಳಲ್ಲಿ ಅರಿಶಿಣದ ನೀರಿಟ್ಟು, ಒಂದಕ್ಕೆ ಹಳೆಯ ಆಸಿಡ್, ಇನ್ನೊಂದಕ್ಕೆ ಹೊಸದು, ಸಿರಿಂಜಿನಲ್ಲಿ ತಲಾ ಒಂದು ಗೆರೆಯಷ್ಟು ಹಾಕಿದೆ. ನೆಲಕ್ಕೆ ಮೊಣಕಾಲೂರಿ, ಸಿರಿಂಜಿನ ಗೆರೆಗೆ ಕಣ್ಣು ಸಮ ಮಾಡಿ ಸೋಡಾ ಕರಗಿಸಿದ ನೀರನ್ನು ಹನಿಹನಿಯಾಗಿ ಬಿಟ್ಟೆ. ಹಳೆಯದು ಆರು ಗೆರೆಗೆ ಕೆಂಪಾಯಿತು. ಹೊಸದಕ್ಕೆ ಆರಾಯಿತು, ಹನ್ನೆರಡಾಯಿತು, ಹಳದಿ ಹಳದಿಯಾಗಿಯೇ ಇತ್ತು. ಇಪ್ಪತ್ತರ ಹತ್ತಿರ ಕೆಂಪು ನಿಂತಿತು. ಮೂರು ಪಟ್ಟಿಗಿಂತ ತುಸು ಹೆಚ್ಚು. ಹಾಗಾದರೆ ಅರ್ಧ ಗ್ಲಾಸಿನ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಸಾಕು.

ಎದ್ದು ನೋಡಿದರೆ ಮಾವನವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಹೊಸಾದು ಭಾಳ ಗಡಸೈತ್ರಿ ಮಾವ. ಮೂರರಾಗ ಒಂದು ಪಾಲು ಸಾಕು," ಅಂದೆ.

ಅವರು ಎರಡು ಬಟ್ಟಲುಗಳನ್ನೂ ನೋಡಿದರು, ಗ್ಲಾಸಿನಲ್ಲಿ ಹಾಗೇ ಉಳಿದಿದ್ದ ಆಸಿಡ್ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕೂತರು.

"ನಾಲಿಗಿ ಹೋಗಿ ಎಂಟು ತಿಂಗಳಾತವ್ವ. ಆ ಜ್ವರ ಬಂದಿತ್ತಲ್ಲ, ಆವಾಗಿಂದ. ನಿನ್ನ ಸಾರು ನನಗ ಬರೇ ಬಿಸಿನೀರು."

ಎಂಟು ತಿಂಗಳಿನಿಂದ ಅವರು ನನ್ನ ಅಡುಗೆಗೆ ಒಂದು ಕೊಂಕು ತೆಗೆದಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕಾದರೂ ನನ್ನ ಕೈ ಪಳಗಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ನಾರಾಯಣಪೇಟೆಗೆ ತವರಿಗೆ ಹೋದಾಗ ಅಮ್ಮನ ಮುಂದೆ ಹೇಳಿಕೊಂಡೂ ಇದ್ದೆ.

ಇಷ್ಟು ದಿನ ಹಳೆಯ ಕ್ಯಾನು, ಅದೇ ಗ್ಲಾಸು, ಅದೇ ಅಳತೆ, ಅದರಿಂದ ನಡೆದುಹೋಗಿತ್ತು. ಇದು ಊರಿಗೆ ತಿಳಿದರೆ ನೇಕಾರರು ರೇಷ್ಮೆ ಕೊಡುವುದಿಲ್ಲ; ಹಂಡೆಯಿಲ್ಲದೆ ಮಾವನವರು ಬೆಳಗಿನಿಂದ ಸಂಜೆಯವರೆಗೆ ಎಲ್ಲಿ ಕೂರಬೇಕು? ಮಗನಿಗೂ ಹೇಳಬೇಡ ಎಂದರು. ಹೇಳುವುದಿಲ್ಲ ಎಂದೆ.

ಮಲ್ದಕಲ್‌ನವರು ಬಂದು, ಲಡಿಗಳನ್ನು ಮಡಿಲಲ್ಲಿಟ್ಟುಕೊಂಡು ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಾನು ಲೆಕ್ಕ ಹಾಕಿದಷ್ಟೇ ಆಸಿಡ್ ಸುರಿದೆ. ಮಾವನವರು ಬೆರಳು ಅದ್ದಿದರು, ನಾಲಿಗೆಗೆ ಮುಟ್ಟಿಸಿದರು, ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ರೆಪ್ಪೆ ಇಳಿಸಿದೆ.

"ಸರಿ ಐತಿ," ಅಂದರು. ಮಲ್ದಕಲ್‌ನವರು ಲಡಿಗಳನ್ನು ಎತ್ತಿ ಅವರ ಕೈಗಿಟ್ಟರು.

ಸಂಜೆಗೆ ಲಡಿಗಳು ಬಿದಿರಿನ ಗಳದ ಮೇಲೆ ಒಣಗುತ್ತಿದ್ದವು. ಒಂದೊಂದನ್ನೂ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಕುಂಕುಮದ ಕೆಂಪು, ತುದಿಯಿಂದ ತುದಿಗೆ ಒಂದೇ ಸಮ. ಮಾವನವರು ದೂರದಲ್ಲಿ ಕೂತು ಬೆರಳಿನ ಬಣ್ಣ ತಿಕ್ಕುತ್ತಿದ್ದರು. ಆಗ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಒಂದು ಬಟ್ಟಲು ಪುಂಡಿಪಲ್ಯೆ ಚಟ್ನಿ ಚಾಚಿದಳು.

"ಹುಳಿ ಜಾಸ್ತಿ ಆತೇನೋ ಅನ್ನಸ್ತದರಿ. ನಿಮ್ಮ ಮಾವನೋರಿಗೆ ಒಂಚೂರು ನಾಲಿಗಿಗೆ ಹಚ್ಚಿ ನೋಡಾಕ ಹೇಳ್ರಿ, ಅವರಿಗಿಂತ ಯಾರಿಗೆ ತಿಳೀತದ."