ವಸ್ತ್ರದ ಕೆಳಗೆ ನಾಲ್ಕು ವರ್ಷ

ಎತ್ತು ಕೊಳ್ಳುವವರಿಗೆ ಬುದ್ಧಿ ಹೇಳುತ್ತಲೇ ನಾನು ಮನೆ ಕಟ್ಟಿದವನು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ದನದ ಸಂತೆಯಾದರೂ ನನ್ನ ಮಾತು ಅದೇ: ಬಾಯಿ ಬಿಡಿಸಿ ಹಲ್ಲು ನೋಡಿರಿ, ಸುಳಿ ನೋಡಿರಿ, ಸ್ವಲ್ಪ ದೂರ ನಡೆಸಿ ನೋಡಿರಿ. ಮಕ್ಕಳಿಗೆ ಕಾಲೇಜು ಆರಿಸುವಾಗ ನಮ್ಮ ಜನ ಇಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ. ಸೋದರಮಾವನ ಬಾಯಿ ಬಿಡಿಸಿದರೆ ಸಾಕು, ಬೇಕಾದ್ದು ಬೇಡಾದ್ದು ಎಲ್ಲ ಹೊರಬರುತ್ತದೆ.

ನನ್ನ ಮಗಳು ಮ್ಯಾಟ್ರಿಕ್ ಪಾಸಾದಾಗ ಆ ಬಾಯಿ ಶಿರಹಟ್ಟಿಯಲ್ಲಿ ಬಸ್ಸು ಹತ್ತಿ ಗದಗ-ಬೆಟಗೇರಿಯ ನಮ್ಮ ಕಟ್ಟೆಗೆ ಬಂದು ಕುಳಿತಿತು. ಅವನು ನನ್ನ ಹೆಂಡತಿಯ ಅಣ್ಣ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿದ್ದ ಕಾಲಕ್ಕೆ ಅಲ್ಲಿಯ ಕಚೇರಿಯಲ್ಲಿ ಕಾರಕೂನನಾಗಿದ್ದ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಕರಗಿಹೋಗಿತ್ತು. ಆ ಸುದ್ದಿಯನ್ನು ಅವನಿಗೆ ಯಾರೂ ಸರಿಯಾಗಿ ಮುಟ್ಟಿಸಿದಂತಿರಲಿಲ್ಲ.

"ಸಾಂಗಲಿಗಿ ಕಳಸಪಾ ದಲಾಲ. ನಮ್ಮ ಮಹಾರಾಜರ ಊರು," ಎಂದ.

"ಯಾವ ಮಹಾರಾಜರೋ ಮಾರಾಯ? ಕರ್ನಾಟಕ ಒಂದಾಗತೈತಿ. ದೀಪಾವಳಿ ಹೊತ್ತಿಗಿ ನಾವು ಮೈಸೂರಿನವರ ಜೋಡಿ ಇರ್ತೀವಿ."

"ಹಂಗಾರ ಮೈಸೂರಿಗಿ ಕಳಸು."

ಮೈಸೂರನ್ನು ಅವನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ. ನಿಷ್ಠೆ ಬದಲಿಸಲು ಅವನಿಗೆ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ತನ್ನ ಅಭಿಪ್ರಾಯ ಕೊಟ್ಟಳು: "ಯಾ ಕಾಲೇಜರ ಆಗಲಿ, ದೀಪಾ ಹಚ್ಚೂದ್ರಾಗ ಮನಿಗಿ ಬಂದಿರಬೇಕು." ಗದಗಿನಲ್ಲಿ ಆಗ ಹೇಳಿಕೊಳ್ಳುವಂಥ ಕಾಲೇಜೇ ಇರಲಿಲ್ಲ. ಅದು ಅವಳ ತಪ್ಪಲ್ಲ, ಕಾಲೇಜಿನದು.

ನಾನು ವ್ಯವಹಾರಸ್ಥ. ನನ್ನದು ಗಟ್ಟಿ ವಿಚಾರ. ಎರಡು ವರ್ಷ ಮಾಸ್ತರಿಕೆಯ ತರಬೇತಿ, ಆಮೇಲೆ ಬೆಟಗೇರಿಯಲ್ಲೇ ಹೆಣ್ಣುಮಕ್ಕಳ ಶಾಲೆ, ಮಧ್ಯಾಹ್ನ ಮನೆಯ ಊಟ. ಮಗಳಿಗೆ ಬೇಕಾದದ್ದು ಧಾರವಾಡದ ಕಾಲೇಜು, ನಾಲ್ಕು ವರ್ಷ ಸಾಯನ್ಸು, ಡಿಗ್ರಿ. ಇದನ್ನು ಅವಳು ಪಾಸಾದ ದಿನವೇ ಹೇಳಿದ್ದಳು. ಹೇಳಿಯಾಗಿದೆಯಲ್ಲ, ಇನ್ನೇನು ಕೇಳುವುದೆಂದು ನಾವು ಮೂವರು ಹಿರಿಯರು ಅವಳನ್ನು ಬಿಟ್ಟು ಚರ್ಚೆ ನಡೆಸಿದ್ದೆವು.

ಅಷ್ಟರಲ್ಲಿ ಅವಳೇ ಹೊರಗೆ ಬಂದಳು. ನನ್ನ ಹೆಗಲ ಮೇಲಿನ ವಸ್ತ್ರ ಎಳೆದಳು, ನನ್ನ ಬಲಗೈ ಮೇಲೆ ಹಾಕಿದಳು, ತನ್ನ ಕೈಯನ್ನು ಅದರ ಕೆಳಗೆ ತೂರಿಸಿದಳು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ವಸ್ತ್ರದ ಕೆಳಗೆ ಎದುರಿನವನ ಬೆರಳು ಹಿಡಿದು ಹೇಳುತ್ತೇವೆ. ಸುತ್ತ ನಿಂತವರು ನಡುವೆ ಬಾಯಿ ಹಾಕಬಾರದೆಂದೇ ಈ ಪದ್ಧತಿ. ಚಿಕ್ಕವಳಿದ್ದಾಗ ಚಕ್ಕಡಿಯಲ್ಲಿ ಸಂತೆಗೆ ಬರುತ್ತಿದ್ದ ಹುಡುಗಿ ಇದನ್ನು ಆಟದಂತೆ ಕಲಿತಿದ್ದಳು. ಈಗ ಆಟದ ಮುಖ ಇರಲಿಲ್ಲ.

ನನ್ನ ನಾಲ್ಕು ಬೆರಳು ಹಿಡಿದಳು. ನಾನು ಅವಳ ಎರಡು ಹಿಡಿದೆ. ಅವಳು ಮತ್ತೆ ನಾಲ್ಕು. ನಾನು ಉದಾರವಾಗಿ ಮೂರು ಹಿಡಿದೆ. ಮೂರು ವರ್ಷ ಓದಿದವರು ಏನಾಗುತ್ತಾರೋ ನನಗೆ ಗೊತ್ತಿರಲಿಲ್ಲ. ಆದರೆ ಎರಡಕ್ಕೂ ನಾಲ್ಕಕ್ಕೂ ನಡುವೆ ಒಂದು ಮೂರು ಇದ್ದೇ ಇರುತ್ತದೆ, ಅದರ ಮೇಲೆಯೇ ನಾನು ಅನ್ನ ಉಂಡವನು.

"ಮೂರ ಕಾಲಿನ ಎತ್ತ ಮಾರಾಕ ಬಂದೀರೇನ್ರೀ ಅಪ್ಪಾ?" ಎಂದಳು ಜೋರಾಗಿಯೇ.

"ಏನಂತ? ಏನಂತಾಳ ಅಕೀ?" ಎಂದು ಅವಳ ಮಾವ ಕುತ್ತಿಗೆ ಚಾಚಿದ.

ಅವಳು ಕೈ ಹಿಂದಕ್ಕೆ ತೆಗೆದಳು. "ತರಬೇತಿಗಿ ನಾ ಹೋಗೂದಿಲ್ರಿ. ರೊಟ್ಟಿ ಬಡಕೊಂತ ಮನ್ಯಾಗ ಇರ್ತೀನಿ. ಓದಿದ್ದ ಸಾಕಾತು."

ಇಲ್ಲಿ ಒಂದು ಕಸಬಿನ ಮಾತು ಹೇಳಬೇಕು. ಕೈ ಎಳೆದುಕೊಂಡು ಹೋಗುವ ನಾಟಕ ನಾನು ಬೇಕಾದಷ್ಟು ನೋಡಿದ್ದೇನೆ, ಅದಕ್ಕಿಂತ ಹೆಚ್ಚು ಮಾಡಿದ್ದೇನೆ. ನಾಟಕದವನು ಸಾವಕಾಶ ನಡೆಯುತ್ತಾನೆ, ಬೀಡಿ ಹಚ್ಚಲು ನಿಲ್ಲುತ್ತಾನೆ, ಕಿವಿ ಹಿಂದೆ ಬಿಟ್ಟಿರುತ್ತಾನೆ. ಇವಳು ವಸ್ತ್ರವನ್ನು ನೀಟಾಗಿ ಮಡಿಚಿ ನನ್ನ ಹೆಗಲಿಗೆ ಹಾಕಿ ಒಳಗೆ ಹೋದಳು. ಹಿಂದೆಯೇ ಜೋಳದ ಹಿಟ್ಟು ನಾದುವ ಸಪ್ಪಳ ಬಂತು. ಸಾಯನ್ಸಿನ ಹುಡುಗಿ ಸಾಯನ್ಸೂ ಓದದೆ, ಮಾಸ್ತರಿಕೆಯೂ ಇಲ್ಲದೆ ಒಲೆಯ ಮುಂದೆ ಕುಳಿತಿರುತ್ತಾಳೆ, ನಾನು ದಿನಾ ಆ ರೊಟ್ಟಿ ತಿನ್ನಬೇಕು. ಇಂಥ ನಷ್ಟದ ವ್ಯಾಪಾರ ನಾನು ಎಂದೂ ಮಾಡಿದವನಲ್ಲ.

"ಏ, ಬಾ ಇಲ್ಲೆ," ಎಂದು ಕರೆದೆ. ಹಿಟ್ಟಿನ ಕೈಯಲ್ಲೇ ಬಂದಳು. ವಸ್ತ್ರ ಹಾಕಿ ಅವಳ ನಾಲ್ಕೂ ಬೆರಳು ಹಿಡಿದು ಒತ್ತಿದೆ. ಹಿಟ್ಟು ನನ್ನ ಅಂಗೈಗೂ ಮೆತ್ತಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಎಷ್ಟಕ್ಕ ಮುಗೀತೋ?" ಅವಳ ಮಾವನಿಗೆ ತಡೆಯಲಾಗಲಿಲ್ಲ.

"ವಸ್ತ್ರದ ಕೆಳಗಿಂದು ಹೊರಗಿನವರಿಗಿ ಹೇಳೂ ಪದ್ಧತಿ ಇಲ್ಲ."

"ನಾ ಹೊರಗಿನವನೇನಲೇ?"

"ನಿನ್ನ ಕೈ ಹೊರಗಿತ್ತಲ್ಲ."

ಮಕ್ಕಳ ಓದಿನಲ್ಲಿ ತಂದೆ ತಾಯಿಯ ಮಾತು ಎಷ್ಟು ನಡೆಯಬೇಕು ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ಒಂದು ಕೈಯಷ್ಟು ಎನ್ನುತ್ತೇನೆ. ಇನ್ನೊಂದು ಕೈ ಓದುವವರದು. ಹಿಡಿಯಿರಿ, ಒತ್ತಿರಿ, ಮೂರು ಅಂತಲೂ ಹೇಳಿ ನೋಡಿರಿ, ಬೇಡ ಅನ್ನುವುದಿಲ್ಲ. ಎದುರಿನವರು ವಸ್ತ್ರ ಮಡಿಚಿ ಕೊಟ್ಟರೆ ಮಾತ್ರ ಜಲ್ದಿ ಕರೆಯಿರಿ.

ಆದರೆ ಬೆರಳು ಒತ್ತಿದ್ದು ಬೆಟಗೇರಿಯಲ್ಲಿ, ಸೀಟು ಇದ್ದದ್ದು ಧಾರವಾಡದಲ್ಲಿ. ಕಾಲೇಜಿನ ಕಾರಕೂನ ಕನ್ನಡಕದ ಮೇಲಿಂದ ನೋಡಿ, "ಹೆಣ್ಣಮಕ್ಕಳಿಗಿ ಸಾಯನ್ಸ್ ಯಾಕ್ರೀ? ಆರ್ಟ್ಸಿನ್ಯಾಗ ಬೇಕಾದಷ್ಟು ಜಾಗಾ ಐತಿ," ಎಂದ. ಹಿಂದಿನ ವಾರ ಇದೇ ಮಾತನ್ನು ಇದಕ್ಕಿಂತ ಚೆನ್ನಾಗಿ ನಾನೇ ಆಡಿದ್ದೆ. ಈಗ ಮಾಲು ನನ್ನದು. "ನಮ್ಮ ಹುಡುಗಿ ಗಟ್ಟಿ ಅದಾಳ್ರಿ ಸಾಹೇಬ್ರ. ಎಷ್ಟ ಹೇರಿದ್ರೂ ಎಳೀತಾಳ. ಬ್ಯಾಸಗ್ಯಾಗೂ ಕುಸಿಯೂದಿಲ್ಲ, ಹಾಯೂದಿಲ್ಲ..."

"ಅಪ್ಪಾ, ನೀವು ಹೊರಗ ನಿಂದರ್ರಿ," ಎಂದಳು ಮಗಳು.

ಹೊರಗೆ ಬೇವಿನ ಮರದ ಕೆಳಗೆ ಇನ್ನೂ ಕೆಲವು ಅಪ್ಪಂದಿರು ನಿಂತಿದ್ದರು. ಅವರಿಗೆ ನಾನು ಬುದ್ಧಿ ಹೇಳತೊಡಗಿದೆ. ಲಕ್ಕುಂಡಿಯ ಗೌಡರೊಬ್ಬರು ಎಲ್ಲ ಕೇಳಿ, "ಖರೆ. ಆದರ ಸಾಯನ್ಸ್ ಅಂದ್ರ ಏನ ಓದತಾರ್ರೀ?" ಎಂದರು.

ಸಾಂಗಲಿ, ಮೈಸೂರು, ದೀಪ ಹಚ್ಚುವ ಹೊತ್ತು, ಎರಡು, ಮೂರು, ನಾಲ್ಕು. ಇಷ್ಟೆಲ್ಲದರ ನಡುವೆ ಈ ಪ್ರಶ್ನೆ ನಮ್ಮ ಕಟ್ಟೆಯ ಮೇಲೆ ಯಾರಿಗೂ ಹೊಳೆದಿರಲಿಲ್ಲ. "ಭಾಳ ಐತ್ರಿ ಅದರಾಗ," ಎಂದೆ.

ಮಗಳು ಹೊರಗೆ ಬಂದಾಗ ಹಣೆಯೆಲ್ಲ ಬೆವತಿತ್ತು. "ಸಿಕ್ಕತ್ರಿ," ಎಂದಳು. ಏನು ಹೇಳಿ ಗಿಟ್ಟಿಸಿದಳೋ, ಇಂದಿಗೂ ಬಾಯಿ ಬಿಟ್ಟಿಲ್ಲ.

ರೈಲಿನಲ್ಲಿ ಕೂತ ಮೇಲೆ ಕೇಳಿದೆ, ಏನು ಓದುವುದು ಅಂತ. ಗಿಡಗಳನ್ನು ಎಂದಳು. ಬೇರು ನೀರನ್ನು ಮೇಲಕ್ಕೆ ಹೇಗೆ ಎಳೆಯುತ್ತದೆ, ಎಲೆ ಉಸಿರಾಡುವುದೆಂದರೇನು, ಹುಬ್ಬಳ್ಳಿ ಬರುವ ತನಕ ಹೇಳಿದಳು. ಅರ್ಧ ತಿಳಿಯಿತು. ಉಳಿದರ್ಧಕ್ಕೆ ತಲೆಯಾಡಿಸಿದೆ. ಹುಬ್ಬಳ್ಳಿಯಲ್ಲಿ ಒಬ್ಬರು ಅರಳೆ ವ್ಯಾಪಾರಿ ಹತ್ತಿ ಎದುರಿಗೆ ಕುಳಿತರು. ಅವರಿಗೊಬ್ಬ ಮಗಳಿದ್ದಾಳೆಂದು ತಿಳಿಯಿತು. ಗದಗ ಬರುವಷ್ಟರಲ್ಲಿ ಎಲೆ ಹೇಗೆ ಉಸಿರಾಡುತ್ತದೆಂದು ಅವರಿಗೆ ಪೂರ್ತಿ ತಿಳಿಸಿ, ಹುಡುಗಿಯನ್ನು ಸಾಯನ್ಸಿಗೇ ಹಾಕಬೇಕೆಂದು ಒಪ್ಪಿಸಿಬಿಟ್ಟಿದ್ದೆ. ನನ್ನ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು.